ಜ್ವರದಲ್ಲಿ ಊಟ ಇಲ್ಲದಿದ್ರೂ ಶುಗರ್ ಯಾಕೆ ಏರುತ್ತೆ? (ಅಪ್ಪನಿಗೆ ಉಗುರುಸುತ್ತು, ಶಿಡ್ಲಘಟ್ಟ)

ಗೂಡಿನಮನೆ_ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ನಮ್ಮದು ರೇಷ್ಮೆ ನೂಲು ತೆಗೆಯೋ ರೀಲಿಂಗ್ ಮನೆ. ಅಪ್ಪನಿಗೆ 63. ಶುಗರ್ ಬಹಳ ವರ್ಷದಿಂದ ಇದೆ, ಮಾತ್ರೆಯಲ್ಲೇ ನಡೀತಿತ್ತು. ಈಗ ಬಲಗೈ ತೋರುಬೆರಳಿಗೆ ಉಗುರುಸುತ್ತು ಆಗಿದೆ. ಯಾರೋ ಹೇಳಿದ್ರು ಅಂತ ನಿಂಬೆಹಣ್ಣು ಸಿಕ್ಕಿಸಿಕೊಂಡು ಓಡಾಡ್ತಿದ್ದಾರೆ. ನಿನ್ನೆ ಸಂಜೆಯಿಂದ ಚಳಿಜ್ವರ, 101 ಇದೆ. ಊಟ ಸೇರ್ತಿಲ್ಲ, ಒಂದೆರಡು ಲೋಟ ಗಂಜಿ ಬಿಟ್ಟರೆ ಏನೂ ಇಲ್ಲ. ಆದ್ರೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೀಟರ್ 286 ತೋರಿಸ್ತು. ಯಾವಾಗ್ಲೂ 140ರ ಆಸುಪಾಸು ಇರೋದು. ಮೀಟರ್ ಕೆಟ್ಟಿದೆಯಾ? ಊಟವೇ ಮಾಡಿಲ್ವಲ್ಲ, ಶುಗರ್ ಮಾತ್ರೆ ಯಾಕೆ ಅಂತ ಅಮ್ಮ ಕೇಳ್ತಿದ್ದಾರೆ. ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿದ್ರೂ ಅಪ್ಪ ಮಾತ್ರ "ಅಂಥಾ ನೋವೇನಿಲ್ಲ, ಬಿಡೋ" ಅಂತಾರೆ.

ಸಿಸ್ಟರ್_ಚಿಂತಾಮಣಿ

ತಮ್ಮಾ, ಮೀಟರ್ ಮೇಲೆ ಅನುಮಾನ ಬೇಡ. ಸೋಂಕು ಬಂದಾಗ ಊಟ ಮಾಡದಿದ್ರೂ ಶುಗರ್ ಏರುತ್ತೆ, ವಾರ್ಡಿನಲ್ಲಿ ದಿನಾ ನೋಡ್ತೀವಿ. ಮೈಯಲ್ಲಿ ಕೀವು ತುಂಬ್ತಿದೆ ಅಂತ ಗೊತ್ತಾದ ತಕ್ಷಣ ಮೆದುಳು ಅಡ್ರಿನಲ್ ಗ್ರಂಥಿಗಳನ್ನ ಎಬ್ಬಿಸುತ್ತೆ. ಕಾರ್ಟಿಸೋಲ್, ಅಡ್ರಿನಲಿನ್ ಅನ್ನೋ ಹಾರ್ಮೋನುಗಳು ಎರಡೂ ಸುರಿಯುತ್ತವೆ. ಅವು ಯಕೃತ್ತಿಗೆ ಹೇಳೋದು ಒಂದೇ ಮಾತು: ಕೂಡಿಟ್ಟ ಸಕ್ಕರೆ ಹೊರಗೆ ಬಿಡು, ಸಾಲದಿದ್ರೆ ಹೊಸದಾಗಿ ಮಾಡು. ಅದೇ ಹೊತ್ತಲ್ಲಿ ಮಾಂಸಖಂಡಗಳು ಇನ್ಸುಲಿನ್ ಮಾತು ಕೇಳೋದು ಕಡಿಮೆ ಮಾಡ್ತವೆ. ಬಿಳಿ ರಕ್ತಕಣಗಳ ಹೋರಾಟಕ್ಕೆ ಇಂಧನ ಸಿಗಲಿ ಅನ್ನೋ ಏರ್ಪಾಡು ಅದು. ಶುಗರ್ ಇಲ್ಲದವರ ಮೈ ತಕ್ಷಣ ಇನ್ಸುಲಿನ್ ಹೆಚ್ಚಿಸಿ ಸರಿದೂಗಿಸುತ್ತೆ. ನಿಮ್ಮಪ್ಪನ ಮೈಗೆ ಅದಾಗ್ತಿಲ್ಲ, ಅದಕ್ಕೇ 286. ಏರಿದ ಶುಗರ್ ಮತ್ತೆ ಅದೇ ಬಿಳಿ ಕಣಗಳ ಕೈ ಕಟ್ಟಿಹಾಕುತ್ತೆ. ಸೋಂಕಿನಿಂದ ಶುಗರ್, ಶುಗರಿನಿಂದ ಸೋಂಕು, ಹೀಗೇ ಸುತ್ತುತ್ತೆ.

ಮಾತ್ರೆ ನೀವಾಗೇ ಬಿಡಬೇಡಿ, ನೀವಾಗೇ ಜಾಸ್ತಿನೂ ಮಾಡಬೇಡಿ. ವಾಂತಿ ಆಗ್ತಿದ್ರೆ, ನೀರೂ ಇಳೀತಿಲ್ಲ ಅಂದ್ರೆ ಕೆಲವು ಮಾತ್ರೆ ನಿಲ್ಲಿಸ್ತಾರೆ. ಅದನ್ನ ಡಾಕ್ಟ್ರೇ ಹೇಳಬೇಕು. ಇವತ್ತೇ ತೋರಿಸಿ, ನಾಳೆ ಅನ್ನಬೇಡಿ. ನಿಂಬೆಹಣ್ಣು ತೆಗೆದುಹಾಕಿ.

ನೋವಿಲ್ಲ ಅಂತಾರಲ್ಲ, ನನಗೆ ಜ್ವರಕ್ಕಿಂತ ಅದೇ ಹೆದರಿಕೆ. ಅಷ್ಟು ಊದಿದ ಬೆರಳು ರಾತ್ರಿಯೆಲ್ಲ ಸಿಡಿಯಬೇಕು, ನಿದ್ದೆ ಬರಬಾರದು. ಕೆಂಪು ಅಂಗೈಗೆ ಇಳಿದಿದೆಯಾ? ಕಂಕುಳಲ್ಲಿ ಗಂಟು ಸಿಗುತ್ತಾ? ನೋಡಿ ಹೇಳಿ.

ಬೇಲಿಸಾಲು_ಮಾಲೂರು

ನಿಂಬೆಹಣ್ಣು ಮೇಲೆ ಯಾಕಮ್ಮಾ ಅಷ್ಟು ಕೋಪ? ನಮ್ಮಜ್ಜಿ ಕಾಲದಿಂದ ಹಾಕ್ತಿದ್ದೀವಿ, ವಾಸಿನೂ ಆಗಿದೆ.

ಸಿಸ್ಟರ್_ಚಿಂತಾಮಣಿ

ಅಣ್ಣಾ, ಕೋಪ ಇಲ್ಲ. ಗಟ್ಟಿಮುಟ್ಟಾದವರ ಉಗುರುಸುತ್ತು ಎಷ್ಟೋ ಸಲ ತಾನಾಗೇ ಒಡೆದು ವಾಸಿ ಆಗುತ್ತೆ, ಹೆಸರು ನಿಂಬೆಹಣ್ಣಿಗೆ ಬರುತ್ತೆ. ಶುಗರ್ ಇರೋರಿಗೆ ಎರಡು ತೊಂದರೆ. ದಿನಗಟ್ಟಲೆ ಒದ್ದೆಯಲ್ಲಿದ್ದ ಚರ್ಮ ಮೆತ್ತಗಾಗಿ ಕಿತ್ತುಬರುತ್ತೆ. ಇನ್ನೊಂದು, ಬೆರಳು ಒಳಗೆ ಮುಚ್ಚಿಹೋಗಿರುತ್ತೆ. ಕಪ್ಪಾದ್ರೂ, ಕೀವು ಅಂಗೈಗೆ ಇಳಿದ್ರೂ ಯಾರಿಗೂ ಕಾಣಲ್ಲ. ಬಿಸಿ ಉಪ್ಪುನೀರಲ್ಲಿ ಕೈ ಇಡಿ ಅಂತಲೂ ನಾನು ಇವರಿಗೆ ಹೇಳಲ್ಲ. ಬಿಸಿ ಸರಿಯಾಗಿ ಗೊತ್ತಾಗದ ಕೈ ಬೆಂದರೂ ಸುಮ್ಮನಿರುತ್ತೆ.

ಲ್ಯಾಬ್_ಮುಳಬಾಗಿಲು

ಮೀಟರ್ ವಿಷಯಕ್ಕೆ ಒಂದು ಮಾತು. ನಿಂಬೆಹಣ್ಣು ಸಿಕ್ಕಿಸಿದ ಕೈಯಿಂದಲೇ ರಕ್ತ ತೆಗೆದ್ರಾ? ಹಣ್ಣಿನ ರಸ ಹತ್ತಿದ ಬೆರಳಿಂದ ತೆಗೆದ್ರೆ ಅಂಕಿ ಹುಸಿಯಾಗಿ ಮೇಲೆ ಹೋಗುತ್ತೆ. ಎಡಗೈ ಸೋಪಲ್ಲಿ ತೊಳೆದು, ಒರೆಸಿ, ಒಣಗಿಸಿ ಇನ್ನೊಂದು ಸಲ ನೋಡಿ. ಬಾವು ಇರೋ ಬೆರಳನ್ನಂತೂ ಚುಚ್ಚಲೇಬೇಡಿ.

ಗೂಡಿನಮನೆ_ಶಿಡ್ಲಘಟ್ಟ

ಎಡಗೈಯಲ್ಲಿ ನೋಡಿದೆ ಸರ್, 279. ಅಂದ್ರೆ ನಿಜಾನೇ. ಅಕ್ಕಾ, ಅಂಗೈ ಕೆಂಪಾಗಿಲ್ಲ, ಕಂಕುಳಲ್ಲಿ ಗೋಲಿಯಷ್ಟು ಗಂಟಿದೆ, ಒತ್ತಿದ್ರೆ ನೋಯುತ್ತಂತೆ. ಅದೇನು, ಕೀವು ಅಲ್ಲಿಗೂ ಹೋಯ್ತಾ? ಚಿಕ್ಕಬಳ್ಳಾಪುರಕ್ಕೆ ಹೊರಡ್ತಿದ್ದೀವಿ. ಮೈ ಸುಡ್ತಿದೆ, ಅಪ್ಪ ನೋಡಿದ್ರೆ ಚಳಿ ಚಳಿ ಅಂತ ಎರಡು ಕಂಬಳಿ ಕೇಳ್ತಿದ್ದಾರೆ. ಹೊದಿಸಬೇಕಾ, ತೆಗೀಬೇಕಾ?

ನಿವೃತ್ತ_ಮೇಷ್ಟ್ರು_ತಿಪಟೂರು

ಮಗೂ, ಕಂಕುಳಿನ ಗಂಟಿನಿಂದ ಶುರು ಮಾಡುತ್ತೇನೆ. ಅದು ದುಗ್ಧರಸ ಗ್ರಂಥಿ. ಬೆರಳಿನಿಂದ ಬರುವ ದ್ರವವನ್ನು ಸೋಸುವ ಜಾಗ. ಅಲ್ಲಿಗೆ ತಲುಪಿದ ರೋಗಾಣುವಿನ ಚೂರುಗಳನ್ನು ಕಂಡು ರಕ್ಷಣಾ ಕಣಗಳು ಸಂಖ್ಯೆಯಲ್ಲಿ ಬೆಳೆಯುತ್ತವೆ, ಆದ್ದರಿಂದ ಊದಿಕೊಳ್ಳುತ್ತದೆ. ಕೀವು ಅಲ್ಲಿಗೆ ಹೋಯಿತೆಂದು ತಿಳಿಯಬೇಕಿಲ್ಲ. ಕಾಲಿಗೆ ಮುಳ್ಳು ಚುಚ್ಚಿದಾಗ ತೊಡೆಸಂದಿನಲ್ಲಿ ಗಂಟಾಗುವುದೂ ಹೀಗೆಯೇ.

ಇನ್ನು ಚಳಿ. ನಮ್ಮ ಮೆದುಳಿನ ತಳದಲ್ಲಿ ಹೈಪೊಥಲಾಮಸ್ ಎಂಬ ಭಾಗ ಮೈಯ ಶಾಖವನ್ನು ಒಂದು ಮಟ್ಟಕ್ಕೆ ಕಟ್ಟಿಟ್ಟಿರುತ್ತದೆ. ಓವರ್‌ಹೆಡ್ ಟ್ಯಾಂಕಿನ ಫ್ಲೋಟನ್ನು ಒಂದಡಿ ಮೇಲೆ ಕಟ್ಟಿದರೆ, ಇದ್ದ ನೀರೇ ಕಡಿಮೆಯೆಂದು ಮೋಟಾರು ಓಡಲು ಶುರುವಾಗುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಬಿಳಿ ರಕ್ತಕಣಗಳು ಬಿಡುವ ಸೈಟೊಕೈನ್‌ಗಳೆಂಬ ಸುದ್ದಿ ಮುಟ್ಟಿಸುವ ಪ್ರೊಟೀನುಗಳಿಂದ ಪ್ರೊಸ್ಟಾಗ್ಲಾಂಡಿನ್ ಇ2 ಎಂಬ ರಾಸಾಯನಿಕ ಹುಟ್ಟಿ, ಮಟ್ಟವನ್ನು 98ರಿಂದ 102ಕ್ಕೆ ಏರಿಸುತ್ತದೆ. ಮೈ 100ರಲ್ಲಿದ್ದರೂ ಮೆದುಳಿನ ಲೆಕ್ಕದಲ್ಲಿ ಅದು ತಣ್ಣಗೆ. ಚರ್ಮದ ರಕ್ತನಾಳ ಬಿಗಿದು ಕೈಕಾಲು ತಣ್ಣಗಾಗುತ್ತವೆ, ಸ್ನಾಯುಗಳು ನಡುಗಿ ಶಾಖ ಹುಟ್ಟಿಸುತ್ತವೆ. 102 ಮುಟ್ಟಿದ ಮೇಲೆ ನಡುಕ ನಿಲ್ಲುತ್ತದೆ. ಪ್ಯಾರಾಸಿಟಮಾಲ್ ಆ ಪ್ರೊಸ್ಟಾಗ್ಲಾಂಡಿನ್ ತಯಾರಿಯನ್ನು ತಗ್ಗಿಸಿ ಮಟ್ಟವನ್ನು ಕೆಳಗಿಳಿಸುತ್ತದೆ. ಆಗ ಇರುವ ಶಾಖವೇ ಹೆಚ್ಚೆನಿಸಿ ಬೆವರು ಸುರಿಯುತ್ತದೆ. ಜ್ವರ ಬಿಡುವಾಗ ಬೆವರುವುದು ಇದಕ್ಕೇ.

ಆದ್ದರಿಂದ ನಡುಗುವಾಗ ಹೊದಿಸಿ, ಬೆವರುವಾಗ ತೆಗೆಯಿರಿ. ನಡುಗುತ್ತಿರುವವರ ಮೈಗೆ ಐಸ್ ನೀರಿನ ಬಟ್ಟೆ ಹಾಕಬಾರದು. ಮಟ್ಟ ಮೇಲೇ ಇರುವಾಗ ಚರ್ಮ ತಣ್ಣಗಾದರೆ ನಡುಕ ಇನ್ನೂ ಹೆಚ್ಚುತ್ತದೆ.

ಟೊಮೆಟೊ_ವಡ್ಡಹಳ್ಳಿ

ಮೇಷ್ಟ್ರೇ, ಹಾಗಾದ್ರೆ ಜ್ವರ ಮೈ ತಾನೇ ಬರಿಸಿಕೊಳ್ಳೋದಾ? ಮಾತ್ರೆ ಹಾಕಿ ಇಳಿಸೋದು ತಪ್ಪಾ? ನಮ್ಮ ಮನೇಲಿ 99 ಆದ ತಕ್ಷಣ 650 ಮಾತ್ರೆ ನುಂಗಿಸ್ತಾರೆ.

ನಿವೃತ್ತ_ಮೇಷ್ಟ್ರು_ತಿಪಟೂರು

ತಪ್ಪೆನ್ನಲಾರೆ. 1975ರಲ್ಲಿ ಅಮೆರಿಕದಲ್ಲಿ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿಯ ಇಗ್ವಾನಾಗಳಿಗೆ (ಒಂದು ಜಾತಿಯ ಹಲ್ಲಿ) ರೋಗಾಣು ಚುಚ್ಚಿ ಬೇರೆ ಬೇರೆ ಶಾಖದಲ್ಲಿಟ್ಟರು. ಆ ಪ್ರಾಣಿಗಳು ನಮ್ಮಂತೆ ಒಳಗಿನಿಂದ ಮೈ ಬಿಸಿ ಮಾಡಿಕೊಳ್ಳಲಾರವು, ಬಿಸಿ ಜಾಗ ಹುಡುಕಿಕೊಂಡು ಹೋಗಬೇಕು. 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟವು ಸತ್ತವು, 42ರಲ್ಲಿ ಇಟ್ಟವುಗಳಲ್ಲಿ ಹೆಚ್ಚಿನವು ಬದುಕಿದವು. ಜ್ವರಕ್ಕೆ ಉಪಯೋಗವಿದೆಯೆಂಬುದಕ್ಕೆ ಅಂದಿನಿಂದ ಇದನ್ನೇ ಹೇಳುತ್ತಾರೆ.

ಮನುಷ್ಯರ ವಿಷಯ ಅಷ್ಟು ಸರಳವಲ್ಲ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಮೈಯ ಖರ್ಚು ಶೇ 10ಕ್ಕಿಂತ ಹೆಚ್ಚುತ್ತದೆ, ನಾಡಿ ನಿಮಿಷಕ್ಕೆ ಸುಮಾರು 10 ಬಡಿತ ಏರುತ್ತದೆ. ಹೃದಯ ದುರ್ಬಲವಾದವರಿಗೆ ಅದೇ ಭಾರ. ಐಸಿಯುಗಳಲ್ಲಿ ಸೋಂಕು ಮತ್ತು ಜ್ವರವಿದ್ದ 700 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಪ್ಯಾರಾಸಿಟಮಾಲ್ ಕೊಟ್ಟವರಿಗೂ ಕೊಡದವರಿಗೂ ಐಸಿಯುವಿನಿಂದ ಹೊರಬರುವ ದಿನಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮೈಕೈ ನೋವಾಗಿ ನರಳುತ್ತಿದ್ದರೆ ಮಾತ್ರೆ ಕೊಡಿ, ನೀರಾದರೂ ಕುಡಿಯುತ್ತಾರೆ. 99ಕ್ಕೆ ಮಾತ್ರೆ ಯಾಕೆ? ಸಂಜೆ ಹೊತ್ತು ಆರೋಗ್ಯವಂತರ ಮೈಯೂ ಅಲ್ಲಿಯವರೆಗೆ ಹೋಗುವುದುಂಟು.

ಟೊಮೆಟೊ_ವಡ್ಡಹಳ್ಳಿ

ಮುದ್ದೆ? ಜ್ವರದಲ್ಲಿ ಮುದ್ದೆ ತಿಂದ್ರೆ ಕಷ್ಟ ಅಂತಾರಲ್ಲ.

ಸಿಸ್ಟರ್_ಚಿಂತಾಮಣಿ

ಸೇರಿದ್ರೆ ತಿನ್ನಲಿ. ಹಸಿವು ಸಾಯೋದೂ ಆ ಸೈಟೊಕೈನ್‌ಗಳ ಕೆಲಸಾನೇ, ಬಲವಂತ ಬೇಡ. ಶುಗರ್ ಇರೋರಿಗೆ ತೆಳ್ಳನೆ ಅಕ್ಕಿಗಂಜಿ ಬರೀ ಲೋಟಗಟ್ಟಲೆ ಕುಡಿಸೋದೇ ಬೇಗ ಶುಗರ್ ಏರಿಸುತ್ತೆ. ಮಜ್ಜಿಗೆ, ಬೇಳೆಕಟ್ಟು, ನೀರು ಕೊಡಿ. ಕಿಡ್ನಿ ಅಥವಾ ಹೃದಯದ ತೊಂದರೆ ಇರೋರು ನೀರು ಎಷ್ಟು ಅಂತ ಕೇಳ್ಕೊಳ್ಳಿ.

ಹೌಸ್‌ಸರ್ಜನ್_ಕೋಲಾರ

ಎಲ್ಲ ಸರಿ, ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ವಯಸ್ಸಾದವರಿಗೆ, ಬಹಳ ಕಾಲದ ಶುಗರ್ ಇರೋರಿಗೆ, ಸ್ಟೀರಾಯ್ಡ್ ತಗೊಳ್ಳೋರಿಗೆ ಜ್ವರ ಬಾರದೆಯೂ ಇರಬಹುದು. ಸೋಂಕು ರಕ್ತಕ್ಕೆ ಏರಿರುತ್ತೆ, ಥರ್ಮಾಮೀಟರ್ 97 ತೋರಿಸ್ತಿರುತ್ತೆ. ಮನೆಯವರು "ಜ್ವರ ಇಲ್ಲ, ಆದ್ರೆ ನಿನ್ನೆಯಿಂದ ಏನೇನೋ ಮಾತಾಡ್ತಿದ್ದಾರೆ" ಅಂತ ಕರ್ಕೊಂಡು ಬರ್ತಾರೆ. ಸೋಂಕಿಗೆ ಮೈ ಕೊಡೋ ಉತ್ತರವೇ ಹದ ತಪ್ಪಿ ಸ್ವಂತ ಅಂಗಗಳನ್ನ ಕೆಡಿಸೋಕೆ ಶುರುಮಾಡೋದನ್ನೇ ಸೆಪ್ಸಿಸ್ ಅನ್ನೋದು, 2016ರ ವ್ಯಾಖ್ಯೆ ಹೇಳೋದೂ ಅದನ್ನೇ.

ಹಾಗಾಗಿ ಥರ್ಮಾಮೀಟರ್ ಒಂದನ್ನೇ ನಂಬಬೇಡಿ. ಉಸಿರು ಎಣಿಸಿ, ನಿಮಿಷಕ್ಕೆ 22 ಅಥವಾ ಹೆಚ್ಚು ಇದ್ರೆ ಗಂಭೀರ. ಮಾತು ತಡವರಿಸೋದು, ಮಂಕಾಗೋದು, ಮೇಲಿನ ಬಿಪಿ 100 ಅಥವಾ ಕಡಿಮೆ ಬರೋದು, ಅರ್ಧ ದಿನ ಮೂತ್ರವೇ ಆಗದಿರೋದು. ಇವುಗಳಲ್ಲಿ ಒಂದು ಕಂಡ್ರೂ ಕ್ಲಿನಿಕ್ ಸುತ್ತಬೇಡಿ, 108 ಕರೆದು ದೊಡ್ಡಾಸ್ಪತ್ರೆಗೆ ಹೋಗಿ.

ಇನ್ನೊಂದು. "ಒಂದು ಸೂಜಿ ಹಾಕಿಸಿಬಿಡಿ, ಸಂಜೆಗೆ ಎದ್ದು ಕೂರ್ತಾರೆ" ಅಂತಾರಲ್ಲ, ಆ ಸೂಜಿಯಲ್ಲಿ ಎಷ್ಟೋ ಕಡೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಇರುತ್ತೆ. ಅದು ಕಾರ್ಟಿಸೋಲಿನ ಬಹಳ ಬಲವಾದ ಅಣ್ಣತಮ್ಮ. ಊತ ಇಳಿಯುತ್ತೆ, ಜ್ವರ ಇಳಿಯುತ್ತೆ, ಹಸಿವೂ ಆಗುತ್ತೆ. ಕೀವು ಮಾತ್ರ ಇದ್ದಲ್ಲೇ ಹರಡ್ತಿರುತ್ತೆ, ಶುಗರ್ 400 ದಾಟಿರುತ್ತೆ. ಚೀಟಿ ಕೇಳಿ. ಸೂಜಿ ಹೆಸರು ಬರೆದುಕೊಡದ ಕಡೆ ಕೈ ಚಾಚಬೇಡಿ.

ಪಾವಗಡ_ಬಯಲು

ವಿಷಯ ಸ್ವಲ್ಪ ಆಚೆ ಹೋಗುತ್ತೆ, ಆದ್ರೂ ಕೇಳ್ತೀನಿ. ನಮ್ಮ ಕಡೆ ಕಲ್ಲು ಎತ್ತಿದ್ರೆ ಚೇಳು. ಕೆಲವರು ರಾತ್ರಿಯೆಲ್ಲ ಉರಿ ಉರಿ ಅಂತ ಕಿರುಚ್ತಾರೆ, ಬೆಳಿಗ್ಗೆ ಸರಿಹೋಗ್ತಾರೆ. ಕೆಲವು ಮಕ್ಕಳಿಗೆ ಕಚ್ಚಿದ ಜಾಗದಲ್ಲಿ ಅಷ್ಟೇನೂ ಉರಿ ಇರಲ್ಲ, ಮೈಯೆಲ್ಲ ಬೆವರಿ ಕೈಕಾಲು ಐಸ್ ಆಗುತ್ತೆ. ಅದೂ ಈ ಅಡ್ರಿನಲಿನ್ ಆಟವೇನಾ ಡಾಕ್ಟ್ರೇ?

ಹೌಸ್‌ಸರ್ಜನ್_ಕೋಲಾರ

ಹೌದು, ನೀವು ನೋಡಿದ್ದು ಸರಿಯಾಗಿದೆ. ಕೆಂಪು ಚೇಳಿನ ವಿಷ ನರಗಳ ಸೋಡಿಯಂ ಬಾಗಿಲು ಮುಚ್ಚಿಕೊಳ್ಳದ ಹಾಗೆ ಮಾಡುತ್ತೆ. ನರಗಳು ನಿಲ್ಲದೆ ಹೊಡೆದುಕೊಂಡು ಅಡ್ರಿನಲಿನ್, ನಾರ್‌ಅಡ್ರಿನಲಿನ್ ಪ್ರವಾಹದಂತೆ ಬರುತ್ತೆ. ರಕ್ತನಾಳ ಬಿಗಿದು ಕೈಕಾಲು ತಣ್ಣಗೆ, ಬಿಪಿ ಮೇಲಕ್ಕೆ, ಹೃದಯ ಸೋತು ಶ್ವಾಸಕೋಶದಲ್ಲಿ ನೀರು. ವಿಷಕ್ಕಿಂತ ಮೈಯ ಉತ್ತರವೇ ಕೊಲ್ಲುತ್ತೆ ಅನ್ನಬಹುದು. ಮಹಾರಾಷ್ಟ್ರದ ಮಹಾಡ್‌ನಲ್ಲಿ ಕೂತು ಹಿಮ್ಮತ್‌ರಾವ್ ಬಾವಸ್ಕರ್ ಅನ್ನೋ ವೈದ್ಯರು ಬಿಪಿಗೆ ಕೊಡೋ ಪ್ರಾಜೋಸಿನ್ ಅನ್ನೋ ಅಗ್ಗದ ಮಾತ್ರೆ ಇದನ್ನ ತಡೆಯುತ್ತೆ ಅಂತ 1980ರ ದಶಕದಲ್ಲಿ ತೋರಿಸಿದ್ರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಚ್ಚಿದ ಜಾಗ ಮಾತ್ರ ಉರೀತಿದ್ರೆ ಸಾಮಾನ್ಯವಾಗಿ ಅಪಾಯ ಕಡಿಮೆ. ಬೆವರು, ವಾಂತಿ, ತಣ್ಣನೆ ಕೈಕಾಲು ಕಂಡ್ರೆ ಮಂತ್ರ ಹಾಕಿಸ್ತಾ ಕೂರದೆ ಓಡಿ. ಮಕ್ಕಳಾದ್ರೆ ಯಾವ ಲಕ್ಷಣಕ್ಕೂ ಕಾಯಬೇಡಿ.

ಗೂಡಿನಮನೆ_ಶಿಡ್ಲಘಟ್ಟ

ಆಸ್ಪತ್ರೆಯಿಂದ ಬರೀತಿದ್ದೀನಿ. ಎಕ್ಸ್‌ರೇ ತೆಗೆದ್ರು, ಮೂಳೆಗೆ ಹೋಗಿಲ್ಲವಂತೆ. ಬೆರಳಿನ ಬುಡಕ್ಕೆ ಮರಗಟ್ಟಿಸೋ ಸೂಜಿ ಹಾಕಿ ಕೊಯ್ದು ಕೀವು ತೆಗೆದ್ರು, ಟಿಟಿ ಹಾಕಿದ್ರು. ಸ್ವಲ್ಪ ದಿನ ಇನ್ಸುಲಿನ್ ಅಂತೆ. ಅಪ್ಪ "ಇನ್ಸುಲಿನ್ ಶುರುವಾದ್ರೆ ಸಾಯೋವರೆಗೂ ಬಿಡಲ್ಲ" ಅಂತ ಗಲಾಟೆ ಮಾಡ್ತಿದ್ದಾರೆ. ಸಿಆರ್‌ಪಿ 112, ಇಎಸ್‌ಆರ್ 70, ಕೌಂಟ್ 17,400. ಇವೆಲ್ಲ ಏನು? ಟೈಫಾಯ್ಡ್ ನೋಡೋ ವೈಡಲ್ ಟೆಸ್ಟ್ ಮಾಡಿಸಿಲ್ಲ, ಹೊರಗಡೆ ಮಾಡಿಸಲಾ?

ಲ್ಯಾಬ್_ಮುಳಬಾಗಿಲು

ವೈಡಲ್ ಯಾಕೆ ತಮ್ಮಾ, ಬೆರಳಲ್ಲಿ ಕೀವು ಕಣ್ಣಿಗೇ ಕಂಡಿದೆ! ನಮ್ಮ ಜಿಲ್ಲೆಗಳಲ್ಲಿ ಯಾವ ಜ್ವರ ಬಂದ್ರೂ ವೈಡಲ್ ಬರೆಸೋದು ಒಂದು ಚಾಳಿ. ಹಿಂದೆ ಎಂದೋ ಟೈಫಾಯ್ಡ್ ಆಗಿದ್ರೂ, ಲಸಿಕೆ ಹಾಕಿಸಿದ್ರೂ, ಬೇರೆ ಜ್ವರ ಇದ್ರೂ ಅದು ಪಾಸಿಟಿವ್ ಬರಬಹುದು. ಟೈಫಾಯ್ಡ್ ಅನುಮಾನ ನಿಜವಾಗ್ಲೂ ಇದ್ರೆ ಆಂಟಿಬಯೋಟಿಕ್‌ಗೆ ಮುಂಚೆ ಬ್ಲಡ್ ಕಲ್ಚರ್ ಕಳಿಸಬೇಕು. ದುಡ್ಡು ಉಳಿಸಿ.

ಸಿಆರ್‌ಪಿ ಯಕೃತ್ತು ತಯಾರಿಸೋ ಪ್ರೊಟೀನು. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಕಂಡದ್ದು. ಸೋಂಕು ಶುರುವಾಗಿ ಕೆಲವು ಗಂಟೆಯಲ್ಲೇ ಏರೋಕೆ ತೊಡಗಿ ಎರಡು ದಿನದಲ್ಲಿ ತುದಿ ಮುಟ್ಟುತ್ತೆ. ಮೂಲ ನಿಂತುಹೋದ್ರೆ ಸುಮಾರು 19 ಗಂಟೆಗೆ ಅರ್ಧ ಆಗ್ತಾ ಇಳಿಯುತ್ತೆ. ಅದಕ್ಕೇ ನಾಳಿದ್ದು ಮತ್ತೆ ಕೇಳ್ತಾರೆ. ಇಳಿದಿದ್ರೆ ಕೀವು ಪೂರ್ತಿ ಹೋಗಿದೆ, ಔಷಧ ಹಿಡಿದಿದೆ ಅಂತ ಲೆಕ್ಕ. ಇಎಸ್‌ಆರ್ ಅಂದ್ರೆ ಕೊಳವೆಯಲ್ಲಿಟ್ಟ ರಕ್ತದ ಕೆಂಪು ಕಣ ತಳಕ್ಕೆ ಇಳಿಯೋ ವೇಗ, ಸೋಂಕಲ್ಲಿ ಅದೂ ಏರುತ್ತೆ. ಆದ್ರೆ ಅದು ಇಳಿಯೋದು ನಿಧಾನ, ವಾರಗಟ್ಟಲೆ ಮೇಲೇ ಇರುತ್ತೆ, ಅದನ್ನ ನೋಡಿ ಗಾಬರಿ ಬೀಳಬೇಡಿ. ಕೌಂಟ್ ಅಂದ್ರೆ ಬಿಳಿ ರಕ್ತಕಣಗಳ ಲೆಕ್ಕ, 11,000 ದಾಟಿದ್ರೆಲ್ಲ ಸೋಂಕೇ ಅಂತಲ್ಲ. ಜೋರು ನೋವು, ಓಟ, ಸ್ಟೀರಾಯ್ಡ್ ಇವಕ್ಕೂ ಏರುತ್ತೆ, ಯಾಕಂದ್ರೆ ಅಡ್ರಿನಲಿನ್, ಕಾರ್ಟಿಸೋಲ್ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ಬಿಳಿ ಕಣಗಳನ್ನ ಹರಿವಿಗೆ ಬಿಡ್ತವೆ. ನಿಮ್ಮಪ್ಪನದ್ದು ಮಾತ್ರ ಸೋಂಕಿಂದೇ.

ಎಚ್‌ಬಿಎ1ಸಿ ಮಾಡಿಸಿದ್ರಾ? ಈ ಏರಿಕೆ ಬರೀ ಸೋಂಕಿಂದಾ, ಮೂರು ತಿಂಗಳಿಂದಲೇ ಹತೋಟಿ ತಪ್ಪಿತ್ತಾ ಅಂತ ಅದರಲ್ಲಿ ಗೊತ್ತಾಗುತ್ತೆ.

ಸಿಸ್ಟರ್_ಚಿಂತಾಮಣಿ

ಅಪ್ಪನಿಗೆ ಹೇಳು, ಸೋಂಕು ಇಳಿದ ಮೇಲೆ ಕಾರ್ಟಿಸೋಲೂ ಇಳಿಯುತ್ತೆ, ಇನ್ಸುಲಿನ್ ಬೇಕಾಗೋದೂ ಕಡಿಮೆ ಆಗುತ್ತೆ. ಎಷ್ಟೋ ಜನ ಮತ್ತೆ ಮಾತ್ರೆಗೇ ವಾಪಸ್ ಹೋಗ್ತಾರೆ. ಇಳಿಯೋ ದಿನಗಳಲ್ಲಿ ಹಳೇ ಡೋಸೇ ಹಾಕ್ತಾ ಹೋದ್ರೆ ಲೋ ಶುಗರ್ ಆಗುತ್ತೆ, ದಿನಾ ನೋಡಿಕೊಳ್ಳಿ.

ಬೇಲಿಸಾಲು_ಮಾಲೂರು

ನೋವು, ಜ್ವರ ಎಲ್ಲಾ ರಾತ್ರಿನೇ ಯಾಕೆ ಜಾಸ್ತಿ ಆಗೋದು? ಹಗಲು ಕೆಲಸದಲ್ಲಿ ಮರೆತಿರ್ತೀವಿ ಅನ್ನೋದಷ್ಟೇನಾ?

ನಿವೃತ್ತ_ಮೇಷ್ಟ್ರು_ತಿಪಟೂರು

ಮರೆವೂ ಸುಳ್ಳಲ್ಲ. ಬೆನ್ನುಹುರಿಯಲ್ಲೇ ನೋವಿನ ಸುದ್ದಿಯನ್ನು ತಡೆಯುವ ಬಾಗಿಲಿದೆಯೆಂದು ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಬರೆದರು. ಪೆಟ್ಟು ಬಿದ್ದ ಜಾಗವನ್ನು ಉಜ್ಜಿದರೆ ನೋವು ತಗ್ಗುವುದನ್ನು ಅವರು ಹಾಗೆಯೇ ವಿವರಿಸಿದ್ದು. ಮೆದುಳು ಬೇರೆ ಕೆಲಸದಲ್ಲಿದ್ದರೂ ಮೇಲಿನಿಂದ ಆ ಬಾಗಿಲು ಮುಚ್ಚಬಲ್ಲದು. ಇನ್ನು ಗಡಿಯಾರದ ಕಾರಣ. ಕಾರ್ಟಿಸೋಲ್ ಊತವನ್ನು ಹತ್ತಿಕ್ಕುತ್ತದೆ. ಅದು ಮುಂಜಾನೆ ಹೆಚ್ಚು, ನಡುರಾತ್ರಿ ಅತಿ ಕಡಿಮೆ. ಮೈಶಾಖ ಸಹಜವಾಗಿಯೇ ಸಂಜೆ ಹೆಚ್ಚು, ನಸುಕಿನಲ್ಲಿ ಕಡಿಮೆ. ಬೆಳಿಗ್ಗೆ ಜ್ವರ ಇಳಿದಿದೆಯೆಂದು ಆಸ್ಪತ್ರೆ ತಪ್ಪಿಸುವವರು ಸಂಜೆ ಮತ್ತೊಮ್ಮೆ ನೋಡುವುದು ಒಳ್ಳೆಯದು.

ಕೆಜಿಎಫ್_ಮೊಮ್ಮಗ

ನೋವಿಲ್ಲ ಅನ್ನೋ ಮಾತಿಗೆ ವಾಪಸ್ ಬರ್ತೀನಿ, ಅದನ್ನ ಬಿಟ್ಟುಬಿಟ್ರೆ ಇಷ್ಟು ಚರ್ಚೆ ಮಾಡಿ ಏನೂ ಪ್ರಯೋಜನ ಇಲ್ಲ. ನಮ್ಮ ಕಡೆಯವರು ದೊಡ್ಡ ಕಾಯಿಲೆ ಅಂದ್ರೆ ವೆಲ್ಲೂರು ಸಿಎಂಸಿಗೆ ಹೋಗೋದು. ಅಲ್ಲಿಗೆ 1946ರಲ್ಲಿ ಬಂದ ಪಾಲ್ ಬ್ರಾಂಡ್ ಅನ್ನೋ ಶಸ್ತ್ರವೈದ್ಯರು ಕುಷ್ಠರೋಗಿಗಳ ಬೆರಳು ಯಾಕೆ ಸವೆದುಹೋಗುತ್ತೆ ಅಂತ ವರ್ಷಗಟ್ಟಲೆ ನೋಡಿದ್ರು. ರೋಗವೇ ಬೆರಳು ತಿನ್ನುತ್ತೆ ಅಂತ ಎಲ್ಲರೂ ನಂಬಿದ್ದ ಕಾಲ. ನರ ಸತ್ತು ನೋವು ಗೊತ್ತಾಗದೆ ಸುಟ್ಟುಕೊಂಡು, ಕೊಯ್ದುಕೊಂಡು, ಗಾಯದ ಮೇಲೇ ಕೆಲಸ ಮಾಡಿ ಬೆರಳು ಹೋಗ್ತಿದೆ ಅಂತ ಅವರು ತೋರಿಸಿಕೊಟ್ರು.

ಶುಗರ್ ಕೂಡ ನರ ಕೊಲ್ಲುತ್ತೆ, ಅದೂ ಉದ್ದನೆ ನರಗಳನ್ನ ಮೊದಲು. ಅಂದ್ರೆ ಕಾಲಿಂದ ಶುರು, ಕೈಗೆ ಬರೋದು ಆಮೇಲೆ. ರೀಲಿಂಗ್ ಮಾಡಿ ಮಾಡಿ ಅಪ್ಪನ ಕೈ ಚರ್ಮ ದಪ್ಪ ಆಗಿರಬಹುದು, ಒಪ್ತೀನಿ. ಆದ್ರೂ ಕೈಯಲ್ಲೇ ಕೀವಿನ ನೋವು ಗೊತ್ತಾಗ್ತಿಲ್ಲ ಅಂದ್ರೆ ಪಾದ ನೋಡಲೇಬೇಕು. ಡಾಕ್ಟ್ರ ಹತ್ರ ಕೇಳಿ, ಹತ್ತು ಗ್ರಾಂ ಒತ್ತಡದ ನೈಲಾನ್ ಎಳೆ ಇರುತ್ತೆ, ಕಣ್ಣು ಮುಚ್ಚಿಸಿ ಅಂಗಾಲಿಗೆ ಒತ್ತಿ ನೋಡ್ತಾರೆ. ಎರಡು ನಿಮಿಷದ ಕೆಲಸ, ಕೇಳದಿದ್ರೆ ಯಾರೂ ಮಾಡಲ್ಲ.

ಟೊಮೆಟೊ_ವಡ್ಡಹಳ್ಳಿ

ಮೆಣಸಿನಕಾಯಿ ಬಿಡಿಸಿದ ಕೈ ಉರಿಯೋದೂ ಈ ನರದಿಂದಾನೇನಾ?

ಹೌಸ್‌ಸರ್ಜನ್_ಕೋಲಾರ

ಅದೇ ಸಣ್ಣ ನರದ ತುದಿಗಳಿಂದ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೆ ತೆರೆದುಕೊಳ್ಳೋ ಬಾಗಿಲನ್ನೇ ಖಾರದ ಕ್ಯಾಪ್ಸೈಸಿನ್ ಕೂಡ ತೆರೆಯುತ್ತೆ, ಅದಕ್ಕೇ ಖಾರ ಮೆದುಳಿಗೆ ಬಿಸಿಯಾಗೇ ತಿಳಿಯೋದು. ಅದನ್ನ ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್. ಬಾವು ಇದ್ದಾಗ ಪ್ರೊಸ್ಟಾಗ್ಲಾಂಡಿನ್ ಆ ಬಾಗಿಲನ್ನ ಇನ್ನೂ ಸಲೀಸಾಗಿ ತೆರೆಯೋ ಹಾಗೆ ಮಾಡುತ್ತೆ, ಊದಿದ ಜಾಗಕ್ಕೆ ಬೆಚ್ಚನೆ ನೀರು ತಾಗಿದ್ರೂ ಸುಡೋದು ಅದರಿಂದ.

ಗೂಡಿನಮನೆ_ಶಿಡ್ಲಘಟ್ಟ

ಎಲ್ಲರಿಗೂ ಸುದ್ದಿ ಹೇಳಬೇಕು. ಸಿಆರ್‌ಪಿ 31ಕ್ಕೆ ಇಳೀತು. ಜ್ವರ ಇಲ್ಲ. ಇನ್ಸುಲಿನ್ ಡೋಸ್ ಇಳಿಸಿದ್ದಾರೆ, ಶುಗರ್ 160ರ ಹತ್ರ ಇದೆ. ಎಚ್‌ಬಿಎ1ಸಿ 8.9 ಬಂತು, ಅಂದ್ರೆ ಮೊದಲಿಂದಲೂ ಸರಿಯಿರಲಿಲ್ಲವಂತೆ. ಅಣ್ಣ ಹೇಳಿದ ನೈಲಾನ್ ಎಳೆ ಕೇಳಿ ಮಾಡಿಸಿದೆ. ಎರಡೂ ಹೆಬ್ಬೆರಳಿನ ಕೆಳಗೆ, ಬಲ ಹಿಮ್ಮಡಿಯಲ್ಲಿ ಗೊತ್ತಾಗ್ತಿಲ್ಲ. ಎಡಗಾಲಿನ ಅಡಿಯಲ್ಲಿ ಒಂದು ಹಳೇ ಆಣಿ (ಗಟ್ಟಿಯಾದ ಚರ್ಮದ ಗಂಟು) ಇತ್ತು, ಅದರ ಕೆಳಗೂ ಗಾಯ ಇದೆಯಂತೆ. ಅಪ್ಪ ಈಗ್ಲೂ "ನೋವಿಲ್ವಲ್ಲ" ಅಂತಲೇ ಅಂತಾರೆ. ಬರಿಗಾಲಲ್ಲಿ ರೀಲಿಂಗ್ ಬೇಸಿನ್ ಹತ್ರ ನಿಲ್ಲಬೇಡಿ, ಎಂಸಿಆರ್ ಚಪ್ಪಲಿ ಹಾಕಿ ಅಂದಿದ್ದಾರೆ. ಅದು ಎಲ್ಲಿ ಸಿಗುತ್ತೆ, ಮಾಮೂಲಿ ಅಂಗಡಿಯದ್ದು ಆಗಲ್ವಾ?

ಕೆಜಿಎಫ್_ಮೊಮ್ಮಗ

ಎಂಸಿಆರ್ ಅಂದ್ರೆ ಮೆತ್ತನೆ ಮೈಕ್ರೋಸೆಲ್ಯುಲರ್ ರಬ್ಬರ್ ಅಟ್ಟೆ. ಕುಷ್ಠರೋಗಿಗಳಿಗೆ ಅಂತ ವೆಲ್ಲೂರಿನ ಕಡೆಯೇ ರೂಢಿಗೆ ಬಂದದ್ದು, ಈಗ ಶುಗರ್ ಕಾಲಿಗೆ ಕೊಡ್ತಾರೆ. ಹೆಬ್ಬೆರಳು, ಎರಡನೇ ಬೆರಳ ನಡುವೆ ಹಿಡಿ ಇರೋ ಹವಾಯಿ ಬೇಡ, ಅಲ್ಲೇ ಉಜ್ಜಿ ಗಾಯ ಆಗುತ್ತೆ. ಹಿಂದೆ ಪಟ್ಟಿ ಇರೋದು ತಗೊಳ್ಳಿ, ಬಿಚ್ಚಿಹೋದ್ರೂ ಅಪ್ಪನಿಗೆ ಗೊತ್ತಾಗಲ್ಲ. ಜಿಲ್ಲಾಸ್ಪತ್ರೆಯಲ್ಲಿ ಕೃತಕ ಕೈಕಾಲು ಕೊಡೋ ವಿಭಾಗ ಇದ್ರೆ ಅಲ್ಲಿ ಕೇಳಿ.

ಸಿಸ್ಟರ್_ಚಿಂತಾಮಣಿ

ಅಳತೆ ಸಂಜೆ ಕೊಡಿ, ಅಷ್ಟೊತ್ತಿಗೆ ಕಾಲು ಸ್ವಲ್ಪ ಊದಿರುತ್ತೆ. ಹಾಕೋ ಮುಂಚೆ ಪ್ರತಿಸಲ ಒಳಗೆ ಕೈಯಾಡಿಸಿ ಕಲ್ಲು, ಮುಳ್ಳು ಇದೆಯಾ ನೋಡಬೇಕು. ಅಪ್ಪನ ಕೈ ಬೇಡ, ನೀನೇ ನೋಡು.